ಹಾಜರಿಗೆ ಮುಂಚಿನ ಮುಕ್ಕಾಲು ಗಂಟೆ: ತೋಟದ ದಾರಿಯಲ್ಲಿ ಆನೆ ಪಾಠ

ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಆನೆ ತುಳಿದು ಯಾರೋ ತೀರಿಕೊಂಡ ಸುದ್ದಿ ಬಂದಾಗ ಅದರೊಳಗೆ ಒಂದು ಮಾತು ಮತ್ತೆ ಮತ್ತೆ ಕಾಣುತ್ತದೆ: ‘ತೋಟದ ಕೆಲಸಕ್ಕೆ ಹೋಗುತ್ತಿದ್ದಾಗ’. ಬೇಟೆಗಲ್ಲ, ಸೌದೆಗಲ್ಲ. ದಿನಾ ನಡೆಯುವ ದಾರಿ, ದಿನಾ ಹೋಗುವ ಹೊತ್ತು. ಆದರೂ ಆನೆಯ ಬಗ್ಗೆ ನಡೆಯುವ ಜಾಗೃತಿ ಸಭೆಗಳು ಬಹುಪಾಲು ಶಾಲೆಯ ಕೊಠಡಿಯಲ್ಲಿ, ಹನ್ನೊಂದು ಗಂಟೆಯ ಹೊತ್ತಿಗೆ ನಡೆಯುತ್ತವೆ. ಯಾರಿಗೆ ಆ ಪಾಠ ಬೇಕೋ ಅವರು ಆಗ ತೋಟದಲ್ಲಿ ಗಿಡದ ಬುಡದಲ್ಲಿರುತ್ತಾರೆ. ಅಂಥದೊಂದು ಸಭೆ ಕೊಠಡಿಯಿಂದ ದಾರಿಗೆ ಇಳಿದಾಗ ಏನಾಯಿತು, ಏನು ಕೈಕೊಟ್ಟಿತು ಎಂಬುದೇ ಈ ಪ್ರಕರಣ.

ಇಲ್ಲಿ ಬರುವ ಊರು ನಕ್ಷೆಯಲ್ಲಿ ಸಿಗುವುದಿಲ್ಲ. ಹೇಮಾವತಿ ಹಿನ್ನೀರಿಗೂ ಬಿಸಿಲೆ ಕಡೆಯ ಕಾಡಿಗೂ ನಡುವೆ ಇರುವ ತೋಟದೂರುಗಳಲ್ಲಿ ಒಂದೇ ಬಗೆಯಾಗಿ ಎದುರಾಗುವ ಸ್ಥಿತಿಯನ್ನು ಒಂದು ಊರು, ಒಂದು ದಾರಿ, ಒಂದು ಹಂಗಾಮು ಎಂದು ಕೂಡಿಸಿ, ಊರುಗಳಲ್ಲಿ ತರಬೇತಿ ನಡೆಸುವವರ ಬಳಕೆಗೆಂದು ಬರೆದದ್ದು.

ದಾರಿ

ಕೂಲಿಯವರ ಸಾಲುಮನೆಗಳಾದ ಲೈನ್ ಮನೆಗಳಿಂದ ಹಾಜರಿ ಕರೆಯುವ ಕಣದವರೆಗೆ ಸುಮಾರು ಎರಡು ಕಿಲೋಮೀಟರ್. ಮೊದಲು ಹಾಳುಬಿದ್ದ ಗದ್ದೆ ಬಯಲು. ಬೇಸಾಯ ನಿಂತು ವರ್ಷಗಳಾಗಿ ಆಳೆತ್ತರ ಹುಲ್ಲು ಬೆಳೆದಿದೆ. ಆಮೇಲೆ ಬಿದಿರು ಬಾಗಿದ ಹಳ್ಳ, ಮೇಲೊಂದು ಮೋರಿ. ಅಲ್ಲಿಂದ ಏರು. ಎರಡೂ ಕಡೆ ರೋಬಸ್ಟಾ ಕಾಫಿ, ಮೇಲೆ ಸಿಲ್ವರ್ ಓಕ್, ನಡುನಡುವೆ ಹಲಸು, ಬೈನೆ. ಎಡಕ್ಕೆ ಎರಡೆಕರೆಯಷ್ಟು ದೇವರಕಾಡು. ಆನೆಗಳು ಹಗಲು ನಿಲ್ಲುವುದು ಅಲ್ಲೇ.

ಅರೇಬಿಕಾ ತೋಟದಲ್ಲಿ ನಿಂತ ಆನೆಯ ಬೆನ್ನು ಗಿಡದ ಮೇಲೆ ಕಾಣುತ್ತದೆ. ಕಸಿ (ರೆಂಬೆ ಸವರುವುದು) ತಪ್ಪಿದ ರೋಬಸ್ಟಾದಲ್ಲಿ ಇಪ್ಪತ್ತು ಹೆಜ್ಜೆ ದೂರದ ಸಲಗವೂ ಕಾಣುವುದಿಲ್ಲ. ನವೆಂಬರಿನಿಂದ ಜನವರಿಯವರೆಗೆ ಬೆಳಗಿನ ಮಂಜು. ಜೂನ್‌ನಿಂದ ಮಳೆಯ ಸದ್ದು. ಕಣ್ಣು ಕೆಲಸ ಮಾಡದ ಕಾಲ ಒಂದು, ಕಿವಿ ಕೆಲಸ ಮಾಡದ ಕಾಲ ಇನ್ನೊಂದು. ಎರಡೂ ಕಾಲಕ್ಕೆ ಒಂದೇ ಪಾಠ ನಡೆಯುವುದಿಲ್ಲ ಎಂಬುದು ಮೊದಲ ವರ್ಷ ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿ ಆನೆ ಯಾಕಿದೆ ಎಂಬುದು ಸಣ್ಣ ಕಥೆಯೇನಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಿನ್ನೀರಿನ ಅಂಚು, ತುಂಡು ಕಾಡುಗಳು, ಅಕೇಶಿಯಾ ನೆಡುತೋಪುಗಳು, ತೋಟದ ಕೆರೆಗಳು ಸೇರಿ ಆನೆಗೆ ನೀರು, ನೆರಳು, ಮೇವು ಮೂರೂ ಸಿಗುವ ಜಾಗವಾಯಿತು. 2012ರಲ್ಲಿ ಹೈಕೋರ್ಟಿಗೆ ವರದಿ ಕೊಟ್ಟ ಕರ್ನಾಟಕ ಆನೆ ಕಾರ್ಯಪಡೆ ಆಲೂರು–ಸಕಲೇಶಪುರ ಭಾಗವನ್ನು ಆನೆಗಳನ್ನು ತೆರವು ಮಾಡಬೇಕಾದ ವಲಯವೆಂದು ಗುರುತಿಸಿತ್ತು. 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಜಾಗ ಖಾಲಿ ಉಳಿಯಲಿಲ್ಲ. ‘ಎಲ್ಲವನ್ನೂ ಹಿಡಿದುಕೊಂಡು ಹೋಗಲಿ’ ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ, ಬರುವುದರಲ್ಲಿ ತಪ್ಪೂ ಇಲ್ಲ. ಆದರೆ ಹಿಡಿಯುವ ಕೆಲಸ ಎಷ್ಟು ಕಷ್ಟ ಎಂಬುದನ್ನು ಇದೇ ಜಿಲ್ಲೆ ನೋಡಿದೆ. 2023ರ ಡಿಸೆಂಬರ್ 4ರಂದು ಯಸಳೂರು ವಲಯದ ಕಾರ್ಯಾಚರಣೆಯಲ್ಲಿ, ದಸರೆಯಲ್ಲಿ ಎಂಟು ಸಲ ಅಂಬಾರಿ ಹೊತ್ತ ಸಾಕಾನೆ ಅರ್ಜುನ, ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತ. ಹಿಡಿಯುವುದು, ಬಿಡುವುದು ಸರ್ಕಾರದ ಲೆಕ್ಕ. ನಾಳೆ ಬೆಳಗ್ಗೆ ಆರೂವರೆಗೆ ಮೋರಿ ದಾಟುವುದು ಕೂಲಿಯವರ ಲೆಕ್ಕ. ಕಾರ್ಯಕ್ರಮ ಈ ಎರಡನೆಯದನ್ನು ಹಿಡಿದುಕೊಂಡಿತು.

ಮೊದಲ ಸುತ್ತು ಕೆಟ್ಟದ್ದು

ಮೊದಲ ಸಭೆಗೆ ಬಂದವರು ಬೆಳೆಗಾರರು, ಪಂಚಾಯಿತಿ ಸದಸ್ಯರು, ಏಳನೇ ತರಗತಿಯ ಮಕ್ಕಳು. ಪರದೆಯ ಮೇಲೆ ಆನೆಯ ಆಹಾರ, ಆನೆಪಥ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿ, ಇಷ್ಟು ಬಂದವು. ಎಲ್ಲವೂ ನಿಜವೇ. ಯಾವುದೂ ಮೋರಿಯ ಹತ್ತಿರ ಉಪಯೋಗಕ್ಕೆ ಬರುವಂಥದಲ್ಲ. ಕೂಲಿಯವರು ಬರಲಿಲ್ಲ, ಬಂದರೆ ಅರ್ಧ ದಿನದ ಕೂಲಿ ಹೋಗುತ್ತಿತ್ತು. ಬಸ್ ನಿಲ್ದಾಣಕ್ಕೆ ಅಂಟಿಸಿದ ಕನ್ನಡದ ಚಿತ್ರಪಟವನ್ನು ಅಸ್ಸಾಂ, ಜಾರ್ಖಂಡ್ ಕಡೆಯಿಂದ ಹಣ್ಣು ಕುಯ್ಯಲು ಬಂದವರು ಓದಲಾರರು. ಅವರೇ ಈ ಕಾಡಿಗೆ ಅತಿ ಹೊಸಬರು. ಇಲ್ಲಿಯವರಿಗೆ ಅಜ್ಜಿಯ ಕಾಲದಿಂದ ಬಂದ ಅಷ್ಟಿಷ್ಟು ಅರಿವೂ ಅವರಿಗಿಲ್ಲ.

ಎರಡನೆಯ ಎಡವಟ್ಟು ಇನ್ನೂ ದೊಡ್ಡದು. ಆ ಸಭೆಯಲ್ಲಿ ಹುಸಿ ದಾಳಿ ಮತ್ತು ನಿಜ ದಾಳಿಯ ವ್ಯತ್ಯಾಸ ಹೇಳಿಕೊಟ್ಟರು. ಕಿವಿ ಅಗಲಿಸಿ, ತಲೆ ಎತ್ತಿ, ದೂಳೆಬ್ಬಿಸಿ ಬಂದರೆ ಹೆದರಿಸುವುದಕ್ಕೆ. ಕಿವಿ ಹಿಂದಕ್ಕೆ ಒತ್ತಿ, ಸೊಂಡಿಲು ಸುರುಳಿ ಸುತ್ತಿ, ಸದ್ದಿಲ್ಲದೆ ಬಂದರೆ ನಿಜ. ವರ್ಷಗಟ್ಟಲೆ ಆನೆಯ ಹಿಂದೆ ತಿರುಗಿದವರು ಹೀಗೆ ಓದಬಲ್ಲರು, ಅವರೂ ತಪ್ಪುತ್ತಾರೆ. ಮೊಬೈಲ್ ಹಿಡಿದ ಹುಡುಗರಿಗೆ ಈ ಪಾಠ ಧೈರ್ಯ ಕೊಟ್ಟಿತೇ ಹೊರತು ಬುದ್ಧಿ ಕೊಡಲಿಲ್ಲ. ‘ಇದು ಬರೀ ಹೆದರಿಸೋದು’ ಎಂದು ನಿಂತು ವಿಡಿಯೋ ತೆಗೆಯುವವರು ಹುಟ್ಟಿಕೊಂಡರು. ಮುಂದಿನ ಸುತ್ತಿನಲ್ಲಿ ಈ ಪಾಠವನ್ನು ಪೂರ್ತಿ ಕೈಬಿಟ್ಟರು. ಉಳಿದದ್ದು ಒಂದೇ ಸಾಲು: ಕಂಡರೆ, ಅದು ಏನೇ ಮಾಡುತ್ತಿರಲಿ, ಬಂದ ದಾರಿಯಲ್ಲೇ ಹಿಂದಕ್ಕೆ. ಇಡೀ ಕಾರ್ಯಕ್ರಮದಲ್ಲಿ ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ ಇದೇ ಇರಬೇಕು. ಕಲಿಸುವುದಕ್ಕಿಂತ ಕಲಿಸದೆ ಬಿಡುವುದು ಕಷ್ಟ.

ದಾರಿಯ ಮೇಲೆ ಆರು ಬೆಳಗು

ಎರಡನೆಯ ಸುತ್ತಿಗೆ ಮೊದಲು ತೋಟದ ಮಾಲೀಕರೊಂದಿಗೆ ಆದ ಒಪ್ಪಂದ ಹೀಗಿತ್ತು. ತರಬೇತಿಯ ಮುಕ್ಕಾಲು ಗಂಟೆಯೂ ಹಾಜರಿ ಪುಸ್ತಕದಲ್ಲಿ ಸೇರಬೇಕು. ತೋಟದ ಲೆಕ್ಕ ಬರೆಯುವ ರೈಟರು ಆ ಹೊತ್ತನ್ನು ಕೆಲಸವೆಂದೇ ಬರೆಯಬೇಕು. ಇದಿಲ್ಲದೆ ಉಳಿದದ್ದೆಲ್ಲ ಬರೀ ಕಾಗದ. ತಂಡಕ್ಕೆ ಹನ್ನೆರಡು ಜನ, ಹೆಚ್ಚಿಲ್ಲ. ಹದಿನೈದು ದಾಟಿದರೆ ಹಿಂದಿನವರಿಗೆ ಮುಂದಿನವರ ಮಾತು ಕೇಳುವುದಿಲ್ಲ, ಅವರು ತಮ್ಮೊಳಗೇ ಮಾತಿಗಿಳಿಯುತ್ತಾರೆ. ವಾರಕ್ಕೊಂದು ಬೆಳಗು, ಒಟ್ಟು ಆರು. ಹಣ್ಣು ಕುಯ್ಲಿಗೆ ಮುಂಚೆ, ಅಂದರೆ ಅಕ್ಟೋಬರ್ ಮುಗಿಯುವುದರೊಳಗೆ ಮುಗಿಸಬೇಕು. ಮುಂದೆ ನಡೆಸುವವರು ಇಬ್ಬರು: ಆನೆಯ ಜಾಡು ಬಲ್ಲ ಕಾವಲುಗಾರ ಒಬ್ಬ, ಲೈನ್ ಮನೆಗಳ ಹಿರಿಯ ಹೆಂಗಸು ಒಬ್ಬರು. ದಾರಿ ಗೊತ್ತಿರುವುದು ಆಕೆಗೆ, ಆನೆ ಗೊತ್ತಿರುವುದು ಅವನಿಗೆ.

ಮೊದಲ ಬೆಳಗಿನ ಪಾಠ ನಡೆಯುವುದಲ್ಲ, ನಿಲ್ಲುವುದು. ತಿರುವು, ಹಳ್ಳ, ದೇವರಕಾಡಿನ ಅಂಚು, ಈ ಮೂರು ಕಡೆ ನಿಂತು ಇಪ್ಪತ್ತು ಉಸಿರು ಎಣಿಸಬೇಕು, ಮಾತಿಲ್ಲ. ಮುರಿಯುವ ಬಿದಿರು, ಹರಿಯುವ ಕೊಂಬೆ, ಕಿವಿ ಬೀಸುವ ಬಟ್ಟೆ ಒದರಿದಂಥ ಸದ್ದು, ಗಂಟಲಿನಾಳದ ಗುಡುಗು. ಹಕ್ಕಿಗಳು ಒಮ್ಮೆಲೇ ಸುಮ್ಮನಾದರೂ ಗಮನ ಬೇಕು. ಮೂಗು ಇಲ್ಲಿ ಕಿವಿಯಷ್ಟೇ ದೊಡ್ಡದು: ಹತ್ತಿರದಲ್ಲಿ ಆನೆಯಿದ್ದರೆ ದನದ ಕೊಟ್ಟಿಗೆಯದಲ್ಲದ, ಕುದುರೆ ಲಾಯದಂಥ ವಾಸನೆ. ಮದ ಬಂದ ಸಲಗವಾದರೆ ಮೂಗಿಗೆ ಹೊಡೆಯುವ ಘಾಟು. ಒಬ್ಬರಾದರೂ ‘ಏನೋ ವಾಸನೆ’ ಎಂದರೆ ಇಡೀ ತಂಡ ನಿಲ್ಲುವುದು ಎಂಬ ಕಟ್ಟುಪಾಡನ್ನು ಆ ದಿನವೇ ಮಾಡಿಕೊಂಡರು. ನಗೆಪಾಟಲಾದೀತು ಎಂಬ ಅಂಜಿಕೆಗೆ ಬಾಯಿ ಮುಚ್ಚಿಕೊಳ್ಳುವವರೇ ಜಾಸ್ತಿ.

ಎರಡನೆಯ ಬೆಳಗು ನೆಲ ಓದುವುದು. ಇಬ್ಬನಿ ಬಿದ್ದ ಹುಲ್ಲು ಬೆಳ್ಳಗೆ ಕಾಣುತ್ತದೆ. ಅದರ ಮೇಲೆ ಕಡುಹಸಿರು ಪಟ್ಟಿಯೊಂದು ಅಡ್ಡ ಹಾದಿದ್ದರೆ ಇಬ್ಬನಿ ಬಿದ್ದ ಮೇಲೆ ಏನೋ ದೊಡ್ಡದು ದಾಟಿದೆ. ಗದ್ದೆ ಬಯಲಿನಲ್ಲಿ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಮಂಜಿನಲ್ಲೂ ಹತ್ತು ಹೆಜ್ಜೆಗೆ ಕಾಣುತ್ತದೆ. ತೋಟದೊಳಗೆ ಇದೇ ಕೆಲಸವನ್ನು ಜೇಡರ ಬಲೆ ಮಾಡುತ್ತದೆ. ಎರಡು ಸಿಲ್ವರ್ ಓಕ್‌ಗಳ ನಡುವೆ ಏಳಡಿ ಎತ್ತರದಲ್ಲಿ ಬಲೆ ಅಲುಗದೆ ಇದ್ದರೆ, ಆ ಸಂದಿಯಿಂದ ಈಚೆಗೆ ದೊಡ್ಡ ಆನೆ ಹಾದಿರುವ ಸಂಭವ ಕಡಿಮೆ. ಕೆಸರಿನ ಹೆಜ್ಜೆಯೊಳಗೆ ನಿಂತ ನೀರು ಇನ್ನೂ ರಾಡಿಯಾಗಿದ್ದರೆ ಈಗಷ್ಟೇ ಹೋಗಿದೆ, ತಿಳಿಯಾಗಿದ್ದರೆ ಹೊತ್ತಾಗಿದೆ. ಉಗುರಿನ ಗುರುತು ಯಾವ ಕಡೆಗಿದೆಯೋ ಆ ಕಡೆಗೆ ಹೋಗಿದೆ.

ಲದ್ದಿಗೆ ಒಂದು ಇಡೀ ಬೆಳಗು ಕೊಟ್ಟರು. ಮೊದಲು ಏಳೆಂಟು ಲಕ್ಷಣ ಹೇಳಿಕೊಟ್ಟಾಗ ಯಾರ ತಲೆಯಲ್ಲೂ ನಿಲ್ಲಲಿಲ್ಲ. ಕೊನೆಗೆ ಮೂರಕ್ಕಿಳಿಸಿದರು: ಬಿಸಿ, ಹಸಿ, ಒಣ. ಕೋಲಿನಿಂದ ಒಡೆದು ಅಂಗೈಯ ಹಿಂಬದಿಯನ್ನು ಹತ್ತಿರ ಹಿಡಿದರೆ ಕಾವು ತಟ್ಟುತ್ತದೆ. ಚಳಿಯ ಬೆಳಗಾದರೆ ಆವಿಯೇ ಏಳುತ್ತದೆ. ಮೇಲ್ಮೈ ಎಣ್ಣೆ ಸವರಿದಂತೆ ಮಿರುಗುತ್ತದೆ. ಇದು ಬಿಸಿ. ಬಿಸಿ ಎಂದರೆ ಮುಂದೆ ಹೆಜ್ಜೆಯಿಲ್ಲ, ಹಿಂದಿರುಗಿ ಸುದ್ದಿ ಮುಟ್ಟಿಸುವುದು. ಮಿರುಗು ಹೋಗಿ, ಒಳಗೆ ಒದ್ದೆಯಿದ್ದು, ನೊಣ ಮುತ್ತಿದ್ದರೆ ಹಸಿ: ನಿಂತು, ಹಿಂದಿನವರೆಲ್ಲ ಕೂಡಿಕೊಂಡ ಮೇಲೆ, ಇಪ್ಪತ್ತು ಉಸಿರು ಎಣಿಸಿ, ನಂತರ ಹೆಜ್ಜೆ. ನಾರು ಕಂದಾಗಿ, ಗೆದ್ದಲೋ ಸಗಣಿಹುಳುವೋ ಕೆಲಸ ಶುರು ಮಾಡಿದ್ದರೆ ಒಣ, ನಡೆಯಬಹುದು.

ಮೋಸ ಹೋಗುವುದು ಮಳೆಯಲ್ಲಿ. ಒಂದು ಜೋರು ಮಳೆ ಬಿದ್ದರೆ ಅರ್ಧ ಗಂಟೆಯ ಲದ್ದಿಯೂ ಕರಗಿ ನಿನ್ನೆಯದರಂತೆ ಕಾಣುತ್ತದೆ, ನಿನ್ನೆಯದು ನೆನೆದು ಹೊಸದರಂತೆ ಕಾಣುತ್ತದೆ. ಆಗ ಕೋಲಿನಿಂದ ಒಡೆದು ಒಳಗನ್ನು ನೋಡದೆ ಹೇಳಬಾರದು. ಲದ್ದಿಯೊಳಗೆ ಏನಿದೆ ಎಂಬುದನ್ನೂ ನೋಡಬೇಕು. ಭತ್ತದ ಹೊಟ್ಟಿದ್ದರೆ ಅದು ಕೆಳಗಿನ ಗದ್ದೆಗೆ ಇಳಿಯುವ ಆನೆ. ಹಲಸಿನ ಬೀಜವಿದ್ದರೆ ಹಣ್ಣು ಮುಗಿಯುವವರೆಗೂ ಇದೇ ತೋಟಕ್ಕೆ ಬರುತ್ತದೆ.

ಶಾಲೆಯ ಮಕ್ಕಳು ಹೆಜ್ಜೆ ಗುರುತಿನ ಭಾಗವನ್ನು ಲೆಕ್ಕಕ್ಕೆ ತಂದುಕೊಂಡರು. ಏಷ್ಯಾದ ಆನೆಯ ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಎರಡರಿಂದ ಗುಣಿಸಿದರೆ ಹೆಚ್ಚುಕಡಿಮೆ ಅದರ ಭುಜದ ಎತ್ತರ ಬರುತ್ತದೆ. ದುಂಡಗಿರುವುದು ಮುಂಗಾಲು, ಉದ್ದುದ್ದ ಇರುವುದು ಹಿಂಗಾಲು. ಹಿಂಗಾಲು ಅಳೆದರೆ ಲೆಕ್ಕ ತಪ್ಪುತ್ತದೆ. ನೂಲಿನಿಂದ ಸುತ್ತಳತೆ ಹಿಡಿದು, ನೂಲನ್ನು ಎರಡು ಪಟ್ಟು ಮಾಡಿ, ಶಾಲೆಯ ಗೋಡೆಗೆ ಎತ್ತರದ ಗೆರೆ ಹಾಕಿದರು. 130 ಸೆಂಟಿಮೀಟರ್ ನೂಲು ಗೋಡೆಯ ಮೇಲೆ 260 ಆದಾಗ ಬಾಗಿಲಿಗಿಂತ ಎತ್ತರಕ್ಕೆ ಹೋಯಿತು. ಆ ಒಂದು ಗೆರೆ ಮಾಡಿದ ಕೆಲಸ ಪರದೆಯ ಚಿತ್ರಗಳು ಮಾಡಿರಲಿಲ್ಲ.

ಗಾಳಿಗೆ ಬೂದಿ. ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳು ಬಟ್ಟೆಯ ಗಂಟು ಕಟ್ಟಿಕೊಂಡು ಬೆರಳಿನಿಂದ ತಟ್ಟಿದರೆ ಸಾಕು, ಗಾಳಿ ಯಾವ ಕಡೆಗೆ ಎಂದು ತಿಳಿಯುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಇದಕ್ಕೊಂದು ಕ್ರಮವೂ ಇದೆ. ಬಿಸಿಲೇರುವ ಮುನ್ನ ತಂಪುಗಾಳಿ ಗುಡ್ಡದಿಂದ ಹಳ್ಳಕ್ಕೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಹಳ್ಳದಿಂದ ಗುಡ್ಡಕ್ಕೆ ಏರುತ್ತದೆ. ಹಾಗಾಗಿ ಬೆಳಗ್ಗೆ ಏರು ಹತ್ತುವಾಗ ಮೇಲಿನ ಆನೆಗೆ ನಮ್ಮ ವಾಸನೆ ಹೋಗುವುದಿಲ್ಲ. ನಾವು ಬರುವುದು ಅದಕ್ಕೆ ಗೊತ್ತಾಗದೆ ಮೈಮೇಲೆ ಹೋಗಿ ಬೀಳುವ ಅಪಾಯ ಆಗಲೇ ಹೆಚ್ಚು. ಬೇಟೆಗಾರನ ಲೆಕ್ಕಕ್ಕೆ ಇದು ತಿರುಗುಮುರುಗು. ಬೇಟೆಗಾರ ವಾಸನೆ ಮುಚ್ಚಿಕೊಳ್ಳುತ್ತಾನೆ, ಕೂಲಿಯವರು ವಾಸನೆ ಕೊಟ್ಟು ಹೋಗಬೇಕು. ಆನೆಗೆ ಮೊದಲೇ ತಿಳಿದರೆ ಹೆಚ್ಚಿನ ಸಲ ಅದೇ ಸರಿಯುತ್ತದೆ. ಆದ್ದರಿಂದ ಗಾಳಿ ಎದುರಿಗಿರುವ ಏರಿನಲ್ಲಿ ಮಾತಾಡುತ್ತ ಹೋಗಬೇಕು, ಕುಡುಗೋಲಿನಿಂದ ಬಕೆಟ್ ತಟ್ಟುತ್ತ ಹೋಗಬೇಕು. ಮೂರು ತಾವುಗಳಲ್ಲಿ ಮೌನ, ಏರಿನಲ್ಲಿ ಸದ್ದು. ಈ ಎರಡು ಕಟ್ಟಳೆ ಒಂದಕ್ಕೊಂದು ವಿರುದ್ಧ ಎಂದು ಮೊದಲು ಗೊಂದಲವಾಯಿತು. ನಿಂತಾಗ ಕಿವಿ, ನಡೆವಾಗ ಬಾಯಿ ಎಂದು ಆ ಹಿರಿಯ ಹೆಂಗಸು ಒಂದೇ ಮಾತಿನಲ್ಲಿ ಬಿಡಿಸಿದರು.

ಕೊಪ್ಪೆಯ ಪರೀಕ್ಷೆ

ಇದು ತೀರಾ ಸರಳ, ಯಾವ ಊರಲ್ಲಾದರೂ ಹತ್ತು ನಿಮಿಷದಲ್ಲಿ ಮಾಡಿ ನೋಡಬಹುದು. ಮಳೆಗಾಲದಲ್ಲಿ ಗೊಬ್ಬರದ ಚೀಲವನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಮಡಿಸಿ ತಲೆಯಿಂದ ಬೆನ್ನಿನವರೆಗೆ ಕೊಪ್ಪೆ ಹಾಕಿಕೊಳ್ಳುತ್ತಾರೆ. ಕೊಪ್ಪೆ ಹಾಕಿದವರನ್ನು ಬೆನ್ನು ತಿರುಗಿಸಿ ನಿಲ್ಲಿಸಬೇಕು. ಹದಿನೈದು ಹೆಜ್ಜೆ ಹಿಂದೆ ಒಬ್ಬರು ಹೆಬ್ಬೆರಳಿನ ಗಾತ್ರದ ಒಣಕಡ್ಡಿ ಮುರಿಯಬೇಕು. ಕೇಳಿದವರು ಕೈ ಎತ್ತಬೇಕು. ಪ್ಲಾಸ್ಟಿಕ್ ಮೇಲೆ ಹನಿ ಬೀಳುತ್ತಿರುವಾಗ ಒಂದು ಕೈಯೂ ಏಳುವುದಿಲ್ಲ. ಕೊಪ್ಪೆ ತೆಗೆಸಿ ಅದೇ ಕಡ್ಡಿ ಮುರಿದರೆ ಕೈಗಳು ಏಳುತ್ತವೆ. ಅಕ್ಕಪಕ್ಕದ ನೋಟವೂ ಹಾಗೆಯೇ: ಕೊಪ್ಪೆಯೊಳಗಿಂದ ಎದುರು ಮಾತ್ರ ಕಾಣುತ್ತದೆ, ಕುದುರೆಗೆ ಕಣ್ಣುಪಟ್ಟಿ ಕಟ್ಟಿದಂತೆ.

ಕೊಪ್ಪೆ ಬೇಡ ಎನ್ನುವಂತಿಲ್ಲ, ಇಲ್ಲಿಯ ಮಳೆ ಅಂಥದು. ಹಳೆಯ ಕಂಬಳಿ ಕೊಪ್ಪೆ ಇಷ್ಟು ಸದ್ದು ಮಾಡುವುದಿಲ್ಲ, ಆದರೆ ನೆನೆದರೆ ಭಾರ, ಈಗ ಯಾರೂ ಹೊರುವುದಿಲ್ಲ. ಕೊನೆಗೆ ಒಪ್ಪಿಗೆಯಾದದ್ದು: ಗುಂಪಿನ ಮೊದಲಿನವರು ಮತ್ತು ಕೊನೆಯವರು ದಾರಿಯ ಮೂರು ತಾವುಗಳಲ್ಲಿ ಕೊಪ್ಪೆ ಹಿಂದಕ್ಕೆ ಸರಿಸಿ ತಲೆ ಹೊರಗೆ ಹಾಕಬೇಕು. ನೆನೆಯುವ ಸರದಿ ವಾರಕ್ಕೊಮ್ಮೆ ಬದಲು. ಇಯರ್‌ಫೋನ್ ಬಗ್ಗೆ ಬೇರೆ ಹೇಳಬೇಕಾಗಿ ಬರಲಿಲ್ಲ, ಕಡ್ಡಿಯ ಪರೀಕ್ಷೆ ನೋಡಿದ ಹುಡುಗರು ತಾವೇ ತೆಗೆದಿಟ್ಟರು. ಕೆಲವರು ಎರಡು ವಾರ, ಆಮೇಲೆ ಯಥಾಪ್ರಕಾರ.

ಓಡುವ ಪ್ರಶ್ನೆ

ಎಲ್ಲರೂ ಕೇಳುವುದು ಇದನ್ನೇ: ಬಂದರೆ ಯಾವ ಕಡೆ ಓಡಬೇಕು? ಅಡ್ಡಾದಿಡ್ಡಿ ಓಡಿ ಎನ್ನುತ್ತಾರೆ, ಇಳಿಜಾರಿಗೆ ಓಡಿ ಎನ್ನುತ್ತಾರೆ. ಆನೆ ಗಂಟೆಗೆ ಇಪ್ಪತ್ತು ಕಿಲೋಮೀಟರ್ ಮೀರಿ ಹೆಜ್ಜೆ ಹಾಕಬಲ್ಲದು. ರೋಬಸ್ಟಾ ಸಾಲಿನಲ್ಲಿ, ಸೀರೆಯುಟ್ಟು, ಮಳೆಯಲ್ಲಿ ಜಾರುವ ಚಪ್ಪಲಿಯಲ್ಲಿ ಯಾರೂ ಅಷ್ಟು ಓಡಲಾರರು. ಅದು ಗಿಡ ಮುರಿದುಕೊಂಡು ನೇರ ಬರುತ್ತದೆ, ನಾವು ಗಿಡಕ್ಕೆ ಸಿಕ್ಕಿಕೊಳ್ಳುತ್ತೇವೆ. ಇಳಿಜಾರು ಕಡಿದಾಗಿದ್ದರೆ ಆನೆ ನಿಧಾನವಾಗಬಹುದು. ಬೀಳುವುದು ಮಾತ್ರ ನಾವೇ ಮೊದಲು.

ಹಾಗಾಗಿ ಓಟದ ಪಾಠದ ಬದಲು ‘ಮುಂದಿನ ಮರೆ’ ಎಂಬ ಪಾಠ ಬಂತು. ದಾರಿಯುದ್ದಕ್ಕೂ ನಿಂತಲ್ಲಿಂದ ಅತಿ ಹತ್ತಿರದ ಗಟ್ಟಿ ಮರೆ ಯಾವುದು: ಮೋರಿಯ ಕೊಳವೆ, ಪಂಪ್‌ಸೆಟ್ಟಿನ ಕಾಂಕ್ರೀಟ್ ಕೋಣೆ, ಆಳದ ಕಾಲುವೆಯ ಆಚೆ ದಂಡೆ, ಹಳೇ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮನೆ. ಎರಡು ಮರೆಗಳ ನಡುವಿನ ನಡುಬಿಂದುವಿಗೆ ಸುಣ್ಣ ಬಳಿದ ಕಲ್ಲು ಇಟ್ಟರು. ಕಲ್ಲು ದಾಟದಿದ್ದರೆ ಹಿಂದಿನ ಮರೆ ಹತ್ತಿರ, ದಾಟಿದ್ದರೆ ಮುಂದಿನದು. ಯೋಚಿಸುವ ಕೆಲಸ ಮೊದಲೇ ಮುಗಿದಿರುತ್ತದೆ. ಕೈಯಲ್ಲಿರುವ ಬುಟ್ಟಿ, ಛತ್ರಿ, ಕೊಪ್ಪೆಯನ್ನು ಅಲ್ಲೇ ಎಸೆಯಬೇಕು. ಆನೆ ಕೆಲವೊಮ್ಮೆ ಅದರ ಮೇಲೆ ಸಿಟ್ಟು ತೀರಿಸುತ್ತದೆ, ಅಷ್ಟು ಕ್ಷಣ ಸಿಗುತ್ತದೆ. ಎಸೆಯಲು ಜನ ಹಿಂಜರಿಯುತ್ತಾರೆ, ಬುತ್ತಿ ಅದರಲ್ಲಿರುತ್ತದೆ. ಅಭ್ಯಾಸದಲ್ಲಿ ಮೂರು ಸಲ ಎಸೆಸಿದ ಮೇಲೆ ಕೈ ಕಲಿಯಿತು.

ಸುಣ್ಣದ ಕಲ್ಲುಗಳಿಗೆ ಒಂದು ತೊಡಕಿತ್ತು. ಜೂನ್ ಮಳೆಗೆ ಬಣ್ಣ ಕೊಚ್ಚಿಹೋಯಿತು, ಜುಲೈ ಹೊತ್ತಿಗೆ ಪಾಚಿ. ಎಣ್ಣೆಬಣ್ಣ ಬಳಿದು, ಹುಲ್ಲು ಸವರುವ ಕೆಲಸದ ಪಟ್ಟಿಯಲ್ಲೇ ಕಲ್ಲು ಒರೆಸುವುದನ್ನೂ ಸೇರಿಸಿದ ಮೇಲೆ ನಿಂತಿತು.

ನಾಯಿಯನ್ನು ಜೊತೆಗೆ ತರಬಾರದು ಎಂಬುದಕ್ಕೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂತು. ನಾಯಿ ಮೊದಲೇ ಎಚ್ಚರಿಸುತ್ತದೆ ಎಂಬ ನಂಬಿಕೆ. ಎಚ್ಚರಿಸುವುದೇನೋ ನಿಜ. ಆದರೆ ಬೊಗಳಿ ಕೆಣಕಿ, ಆನೆ ಅಟ್ಟಿಸಿಕೊಂಡು ಬಂದಾಗ ನಾಯಿ ಓಡಿ ಬಂದು ನಿಲ್ಲುವುದು ಯಜಮಾನನ ಕಾಲಬುಡದಲ್ಲಿ.

ಗಂಟೆ, ಜಾಗ, ಎಷ್ಟು, ಯಾವ ಕಡೆ

ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು (2012ರ ವರದಿಯ ಸಮಿತಿಯಲ್ಲ, ಆನೆಯ ಜಾಡು ಹಿಡಿಯುವ ಸಿಬ್ಬಂದಿ) ವಾಟ್ಸಾಪ್ ಗುಂಪುಗಳಲ್ಲಿ, ಧ್ವನಿವರ್ಧಕದಲ್ಲಿ ಸುದ್ದಿ ಕೊಡುತ್ತಾರೆ, 1926 ಸಹಾಯವಾಣಿಯೂ ಇದೆ. ಇಲ್ಲಿ ಸುದ್ದಿಗೆ ಬರವಿರಲಿಲ್ಲ, ಕೆಟ್ಟದ್ದು ಸುದ್ದಿಯ ಅಚ್ಚುಕಟ್ಟು. ‘ಆನೆ ಇದೆ ಹುಷಾರು’ ಎಂಬ ಸಂದೇಶ ನಿನ್ನೆ ರಾತ್ರಿಯದೋ, ಮೊನ್ನೆಯದೋ, ಪಕ್ಕದ ಊರಿನದೋ ತಿಳಿಯದೆ ಗುಂಪಿನಿಂದ ಗುಂಪಿಗೆ ಸುತ್ತುತ್ತಿತ್ತು. ದಿನಾ ಹುಷಾರು ಎಂದರೆ ಯಾವ ದಿನವೂ ಹುಷಾರಿಲ್ಲ.

ನಾಲ್ಕು ಮಾತಿನ ಕ್ರಮ ಮಾಡಿದರು, ಬರಹ ಬೇಡ, ಧ್ವನಿ ಸಂದೇಶ: ‘ಬೆಳಗ್ಗೆ ಆರೂ ಹತ್ತು. ಹಳೇ ಪಲ್ಪರ್ ಹಿಂದೆ. ಮೂರು, ಒಂದು ಮರಿ. ಹಳ್ಳದ ಕಡೆ ಮುಖ.’ ಗಂಟೆ ಇಲ್ಲದ ಸಂದೇಶವನ್ನು ಮುಂದೆ ಕಳಿಸಬಾರದು. ನಾಲ್ಕು ತಾಸು ದಾಟಿದ ಸುದ್ದಿಯನ್ನು ಸುದ್ದಿಯೆಂದು ಎಣಿಸಬಾರದು, ಆದರೆ ಹಳೆಯದಾಯಿತೆಂದರೆ ಆನೆ ಹೋಯಿತೆಂದೂ ಅಲ್ಲ.

ಜಾಗದ ಹೆಸರು ಇನ್ನೊಂದು ಗಂಟು. ತೋಟದವರಿಗೆ ಅದು ಏಳನೇ ಬ್ಲಾಕು, ಅರಣ್ಯ ಸಿಬ್ಬಂದಿಗೆ ಸರ್ವೆ ನಂಬರು, ಕೂಲಿಯವರಿಗೆ ‘ಎರಡು ಹಲಸಿನ ಕಟ್ಟೆ’. ದಾರಿಯ ಮೇಲೆ ನಡೆಯುತ್ತ ಕೂಲಿಯವರ ಬಾಯಲ್ಲಿರುವ ಹೆಸರುಗಳನ್ನೇ ಒಂದೊಂದಾಗಿ ಬರೆದುಕೊಂಡು, ಪ್ರತಿಯೊಂದರ ಮುಂದೆ ಬ್ಲಾಕು ಸಂಖ್ಯೆ ಹಾಕಿದ ಪಟ್ಟಿ ಕಣದ ಗೋಡೆಗೆ ಬಂತು. ಹೊರರಾಜ್ಯದಿಂದ ಬಂದವರಿಗೆ ಆ ಹೆಸರುಗಳನ್ನು ದಾರಿಯಲ್ಲಿ ನಡೆಸಿಯೇ ಕಲಿಸಿದ್ದು ಅವರ ಮಕ್ಕಳು. ಇಲ್ಲಿಯ ಶಾಲೆಗೆ ಸೇರಿದ ಮಗು ಮೂರೇ ತಿಂಗಳಲ್ಲಿ ಕನ್ನಡ ಆಡುತ್ತದೆ. ಅಪ್ಪ ಅಮ್ಮನಿಗೆ ‘ಆನೆ’, ‘ನಿಲ್ಲು’, ‘ಹಿಂದೆ ಬಾ’ ಎಂಬ ಮೂರು ಮಾತು ಕಲಿಸಲು ಅದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ.

ಹಳ್ಳದ ತಗ್ಗಿನಲ್ಲಿ ಮೊಬೈಲಿಗೆ ಸಿಗ್ನಲ್ ಇಲ್ಲ. ಅದಕ್ಕಾಗಿ ಲೈನ್ ಮನೆಗಳ ಮುಂದಿನ ಕಂಬಕ್ಕೆ ಕೆಂಪು ಬಟ್ಟೆ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಫೋನ್ ಕರೆಯಿಂದ ಹತ್ತಿಸುವ ಕೆಂಪು ದೀಪಗಳನ್ನು ಬಹಳ ಹಿಂದೆಯೇ ಹಾಕಿದ್ದಾರೆ, ಬಟ್ಟೆ ಅದರ ಬಡವರ ರೂಪ. ಏರಿಸಲು ಜನ ಮುಂದೆ ಬಂದರು. ಇಳಿಸುವುದು ಯಾರ ಕೆಲಸ ಎಂದು ಯಾರೂ ಕೇಳಿಕೊಳ್ಳಲಿಲ್ಲ. ನಾಲ್ಕು ದಿನ ಬಟ್ಟೆ ಹಾಗೇ ಹಾರಿತು, ಐದನೇ ದಿನ ಅದನ್ನು ನೋಡುವವರೇ ಇರಲಿಲ್ಲ. ಆಮೇಲೆ ಮಾಡಿದ ನಿಯಮ: ಪ್ರತಿ ಸಂಜೆ ಹಾಲಿನ ಡೇರಿಗೆ ಹೋಗುವವರು ಬಟ್ಟೆ ಇಳಿಸಿಯೇ ಹೋಗಬೇಕು, ಆನೆ ಇದ್ದರೂ. ಮರುದಿನ ಹೊಸ ಸುದ್ದಿ ಬಂದರೆ ಮಾತ್ರ ಮತ್ತೆ ಏರಬೇಕು.

ಆನೆಗೆ ಹಗಲು ಜಾಗ

ಸಂರಕ್ಷಣೆಯ ಮಾತು ಈ ಹೊತ್ತಿಗೆ ತಾನಾಗಿಯೇ ಬಂತು, ಪರದೆಯ ಮೇಲಿಂದಲ್ಲ. ಪಟಾಕಿ ಹೊಡೆದು ದೇವರಕಾಡಿನಿಂದ ಎಬ್ಬಿಸಿದ ಗುಂಪು ಚೆದುರುತ್ತದೆ, ಮರಿ ಒಂದು ಕಡೆ, ತಾಯಿ ಒಂದು ಕಡೆ. ಮಧ್ಯಾಹ್ನ ಮೂರಕ್ಕೆ ಅವು ಕೆಲಸ ನಡೆಯುತ್ತಿರುವ ಬ್ಲಾಕಿನೊಳಗೇ ಅಲೆಯುತ್ತವೆ. ಇದನ್ನು ಹೇಳಿದ್ದು ತರಬೇತಿಯವರಲ್ಲ, ಚಿಗುರು ತೆಗೆಯುವ ಹೆಂಗಸರು. ಅಲ್ಲಿಂದ ಒಪ್ಪಂದವಾಯಿತು. ದೇವರಕಾಡಿನೊಳಗೆ ಹಗಲು ಸೌದೆಗೂ ಹೋಗುವುದಿಲ್ಲ, ಪಟಾಕಿಯೂ ಇಲ್ಲ. ಅದಕ್ಕೆ ಬದಲಾಗಿ ತೋಟದವರು ದಾರಿಯ ಎರಡೂ ಬದಿ ಮೂರು ಮೀಟರ್ ಲಂಟಾನ, ಹುಲ್ಲು ಸವರಿಸಿ ನೋಟ ಬಿಡಿಸುತ್ತಾರೆ. ಹಳ್ಳದ ಬಿದಿರನ್ನೂ ಕಡಿಯಬೇಕೆಂಬ ಒತ್ತಾಯ ಬಂದಿತ್ತು. ಬಿದಿರು ಅವುಗಳ ಮೇವು, ಅದು ಹೋದರೆ ಬಾಳೆಗೆ ಬರುತ್ತವೆ ಎಂದು ಕಾವಲುಗಾರನೇ ತಡೆದ.

ಮನೆಯ ಮಟ್ಟದ್ದು ಬೇಗ ಮುಗಿಯಿತು. ಅಕ್ಕಿ, ಬೆಲ್ಲ, ಉಪ್ಪಿನ ಮೂಟೆ ಹೊರಗೋಡೆಗೆ ಒರಗಿಸಿ ಇಡಬಾರದು. ಮನೆಯ ಹತ್ತಿರದ ಹಲಸನ್ನು ಹಣ್ಣಾಗುವ ಮುನ್ನ ಇಳಿಸಬೇಕು. ಶೌಚಾಲಯದ ದಾರಿಗೆ ದೀಪ. ಬೇಲಿಗೆ ನೇರ ಕರೆಂಟು ಕೊಡುವವರಿಗೆ ಕಾನೂನು ಹೇಳುವುದಕ್ಕಿಂತ ಹೇಳಬೇಕಾದದ್ದು ಇಷ್ಟು: ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆ ತಟ್ಟಿ ಬಿಡುತ್ತದೆ, ಹೊಡೆತ ತಿಂದವರು ಹಿಂದೆ ಸರಿಯಬಹುದು. ಮನೆಯ ಲೈನು ಹಿಡಿದುಕೊಂಡರೆ ಬಿಡುವುದಿಲ್ಲ. ಅದಕ್ಕೆ ಆನೆ, ದನ, ಮಗು ಎಲ್ಲ ಒಂದೇ.

ಗಡಿಯಾರ

ಒಂದು ಹಂಗಾಮು ಕಳೆದ ಮೇಲೆ ನೋಡಿದರೆ, ಇಷ್ಟೆಲ್ಲ ಕಲಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಕೌಶಲವೇ ಅಲ್ಲದ ಒಂದು ಬದಲಾವಣೆ. ಮಂಜಿನ ತಿಂಗಳುಗಳಲ್ಲಿ ಹಾಜರಿಯನ್ನು ಒಂದು ತಾಸು ತಡ ಮಾಡಿದರು. ಮಂಜು ಹರಿದ ಮೇಲೆ ಹೊರಟವರಿಗೆ ಇಬ್ಬನಿಯ ಪಟ್ಟಿ ಹುಡುಕುವ ಕಷ್ಟವೇ ಇಲ್ಲ. ಆನೆಗಳೂ ಅಷ್ಟರಲ್ಲಿ ದೇವರಕಾಡು ಸೇರಿರುತ್ತವೆ. ಜನ ಗುಂಪಾಗಿ ಹೊರಡುವುದೂ ರೂಢಿಯಾಯಿತು.

ಆದರೆ ಹಣ್ಣು ಕುಯ್ಲು ಶುರುವಾದಾಗ ಇದನ್ನು ಮುರಿದವರು ಮಾಲೀಕರಲ್ಲ, ಕೂಲಿಯವರೇ. ಕುಯ್ಲಿನ ಕೂಲಿ ಕೆಜಿ ಲೆಕ್ಕ. ಒಂದು ತಾಸು ತಡ ಎಂದರೆ ಅಷ್ಟು ಹಣ್ಣು ಕಡಿಮೆ, ಹಂಗಾಮಿಗೆಂದು ದೂರದಿಂದ ಬಂದವರು ಅದನ್ನು ಬಿಡಲು ಒಪ್ಪಲಿಲ್ಲ. ಸಂಜೆ ಒಂದು ತಾಸು ಮುಂದುವರಿಸೋಣ ಎಂದರೆ ಕತ್ತಲ ದಾರಿ ಇನ್ನೂ ಕೆಟ್ಟದ್ದು. ಎರಡು ವಾರ ಎಳೆದಾಡಿದ ಮೇಲೆ, ಕುಯ್ಲಿನ ತಿಂಗಳುಗಳಿಗೆ ಮಾತ್ರ ತೋಟದ ಪಿಕಪ್ ಗಾಡಿಯಲ್ಲಿ ಲೈನ್ ಮನೆಯಿಂದ ಕಣದವರೆಗೆ ಕರೆದೊಯ್ಯುವುದೆಂದಾಯಿತು. ಡೀಸೆಲ್ ತೋಟದ್ದು. ಪಿಕಪ್ ಕೆಟ್ಟ ದಿನ ಮಾತ್ರ ಹಳೆಯ ದಾರಿ, ಹಳೆಯ ಪಾಠ.

ಹಾಗಾಗಿ ಪಾಠ ಕೈಬಿಡುವಂತಿಲ್ಲ. ಮಾರ್ಚಿನಲ್ಲಿ ರೋಬಸ್ಟಾ ಕುಯ್ಲು ಮುಗಿಸಿ ಹೊರಗಿನವರು ಹೊರಡುತ್ತಾರೆ, ಮುಂದಿನ ವರ್ಷ ಬರುವವರು ಬೇರೆಯವರು. ಕಣದ ಗೋಡೆಯ ಪಟ್ಟಿ, ನೂಲಿನ ಉಂಡೆ, ಬೂದಿಯ ಗಂಟುಗಳು ರೈಟರ ಕೋಣೆಯ ಗೂಡಿನಲ್ಲಿವೆ. ಈ ಸಲದ ಪಟ್ಟಿಯಲ್ಲಿ ‘ಎರಡು ಹಲಸಿನ ಕಟ್ಟೆ’ಯ ಮುಂದೆ ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದಾರೆ: ಒಂದು ಹಲಸು ಗಾಳಿಗೆ ಬಿದ್ದಿದೆ, ಹೆಸರು ಹಾಗೇ ಇರಲಿ.